ರಾಣಿಯ ಹೆಸರು ಹೊತ್ತ ದ್ವೀಪ

"ಗುರುಗಳೇ, ಒಂದು ನೆಲಕ್ಕೆ ಯಾರು ಯಾವ ಹೆಸರಿಟ್ಟರೆ ಏನಾಯಿತು? ಮಣ್ಣೇನೂ ಬದಲಾಗುವುದಿಲ್ಲವಲ್ಲ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು "ಕೂತುಕೋ" ಎಂದು ಕತೆ ಹೇಳತೊಡಗಿದರು.

ದೂರದ ಕೆರಿಬಿಯನ್ ಕಡಲಿನಲ್ಲಿ ಒಂದು ದ್ವೀಪವಿತ್ತು. ಅಲ್ಲಿ ದೋಣಿ ಕಟ್ಟುವವನೊಬ್ಬನಿದ್ದ. ಒಮ್ಮೆ ಪರದೇಶದ ಹಡಗೊಂದು ಕುಡಿಯುವ ನೀರಿಲ್ಲದೆ ಅಲ್ಲಿಗೆ ಬಂತು. ದೋಣಿಯವನೇ ಅದರ ಕಪ್ತಾನನನ್ನು ಒರತೆಯ ಬಳಿಗೆ ಕರೆದೊಯ್ದ. ಕಪ್ತಾನ ಹೊಟ್ಟೆ ತುಂಬ ನೀರು ಕುಡಿದ, ದಡದಲ್ಲಿ ಬಾವುಟ ನೆಟ್ಟ, ದ್ವೀಪಕ್ಕೆ ತನ್ನ ರಾಣಿಯ ಹೆಸರಿಟ್ಟ. ದ್ವೀಪದವರು ನಕ್ಕರು. ಅದಕ್ಕೆ ಆಗಲೇ ಹೆಸರಿತ್ತು.

ಕಪ್ತಾನ ಹೋದ ಮೇಲೆ ಕಡಲ್ಗಳ್ಳರು ಬಂದರು. ಚಿನ್ನದ ಹಡಗುಗಳನ್ನು ದೋಚಿ ಬಂದು ಅಡಗಲು ಅವರಿಗೊಂದು ನೆಲೆ ಬೇಕಿತ್ತು. ಎದುರಾದವರನ್ನು ಕೊಂದರು, ಉಳಿದವರನ್ನು ದುಡಿಸಿಕೊಂಡರು, ಹುಡುಗಿಯರನ್ನು ಪಕ್ಕದ ದ್ವೀಪಕ್ಕೆ ಮಾರಿದರು. ಮಾರಾಟವಾದವರಲ್ಲಿ ದೋಣಿಯವನ ಮಗಳೂ ಇದ್ದಳು. ಕಳ್ಳರನ್ನು ಹಿಡಿಯಲು ರಾಣಿ ಪಡೆ ಕಳಿಸಿದಳು. ಕಳ್ಳರ ನಾಯಕ ಅರ್ಧ ಚಿನ್ನವನ್ನು ಅವಳಿಗೆ ಕಾಣಿಕೆ ಕೊಟ್ಟ. ಅವಳು ಅವನನ್ನೇ ದ್ವೀಪದ ಅಧಿಕಾರಿಯಾಗಿ ನೇಮಿಸಿದಳು.

ದೋಣಿಯವನು ಮಗಳನ್ನು ಹುಡುಕಿಕೊಂಡು ಹೊರಡಲು ದೋಣಿಯೊಂದನ್ನು ನೀರಿಗಿಳಿಸಿದ. ಕಾವಲಿನವರು ಅವನನ್ನು ಹಿಡಿದು ಅಧಿಕಾರಿಯ ಮುಂದೆ ತಂದು ನಿಲ್ಲಿಸಿದರು.

"ರಾಣಿಯ ದ್ವೀಪದಲ್ಲಿ ರಾಣಿಯ ದೋಣಿಯನ್ನೇ ಕದ್ದೆಯಾ?" ಎಂದ ಅಧಿಕಾರಿ.

"ಈ ದೋಣಿ ಕಟ್ಟಿದವನು ನಾನು. ನಿನ್ನ ರಾಣಿಯನ್ನು ನಾವ್ಯಾರೂ ಕಂಡವರಲ್ಲ. ಈ ನೆಲದ ಹೆಸರೇ ಬೇರೆ" ಎಂದ ದೋಣಿಯವನು, ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿದ.

ಅಧಿಕಾರಿ, ಇಬ್ಬರ ಮಾತನ್ನೂ ತಿಳಿಸುತ್ತಿದ್ದ ದುಭಾಷಿಯತ್ತ ತಿರುಗಿದ. ಕಳ್ಳರ ನುಡಿ ಕಲಿತು ಜೀವ ಉಳಿಸಿಕೊಂಡಿದ್ದ ಆ ದುಭಾಷಿ ದೋಣಿಯವನ ಒಡಹುಟ್ಟಿದ ತಮ್ಮ.

"ಆ ಹೆಸರಿನ ನೆಲ ಎಲ್ಲಾದರೂ ಇದೆಯೇನೋ?"

ತಮ್ಮ ತಲೆ ಎತ್ತಲಿಲ್ಲ. "ಇಲ್ಲ, ಧಣಿ" ಎಂದ.

ದೋಣಿಯವನನ್ನು ಕಳ್ಳನೆಂದು ಸಾರಿ ದಡದಲ್ಲೇ ಗಲ್ಲಿಗೇರಿಸಿದರು. ಮಗಳು ಅಪ್ಪನ ದಾರಿ ಕಾಯುತ್ತಲೇ ಸತ್ತಳು. ಅಧಿಕಾರಿ ಮಾತ್ರ ಹಣ್ಣು ಮುದುಕನಾಗಿ, ಮೆತ್ತನೆಯ ಹಾಸಿಗೆಯಲ್ಲಿ ಸತ್ತ. ಜನ ಅವನನ್ನು ವೀರನೆಂದು ಹಾಡಿದರು, ಬಂದರಿನಲ್ಲಿ ಅವನ ಕಲ್ಲಿನ ಪ್ರತಿಮೆ ನಿಲ್ಲಿಸಿದರು.

ಕೇಳುತ್ತಿದ್ದ ಶಿಷ್ಯನ ಕಣ್ಣು ಕೆಂಪಾಗಿತ್ತು. "ಗುರುಗಳೇ, ದೋಣಿಯವನು ಕೂಗಿದ ಆ ಹೆಸರು ಯಾವುದು?"

"ನನಗೆ ಈ ಕತೆ ಹೇಳಿದವರಿಗೂ ರಾಣಿಯ ಹೆಸರು, ಪ್ರತಿಮೆಯಾಗಿ ನಿಂತ ಆ ಕಡಲ್ಗಳ್ಳನ ಹೆಸರು, ಇವೆರಡೇ ಗೊತ್ತಿದ್ದವು" ಎಂದರು ಗುರುಗಳು.