ತನ್ನ ಮಣ್ಣು ತಾನೇ ತಂದ ಗೀಜಗ

ಕಾಡು ಮುಗಿದು ಗದ್ದೆ ಶುರುವಾಗುವ ಕಡೆ ಒಂದು ಕೆರೆಯಿತ್ತು, ಮಕ್ಕಳೇ. ಅದರ ನೀರಿನ ಮೇಲಕ್ಕೆ ಬಾಗಿದ ಈಚಲು ಮರದಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅವುಗಳಲ್ಲಿ ಹೊಂಬಣ್ಣ ಎಂಬವನು ಗೂಡು ಹೆಣೆಯುವುದರಲ್ಲಿ ಎತ್ತಿದ ಕೊಕ್ಕು. ಅವನು ಹಾಕಿದ ಗಂಟನ್ನು ಗಾಳಿಯೂ ಬಿಚ್ಚಲಾರದು. ಈ ಮಾತನ್ನು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಹೊಂಬಣ್ಣನೇ ಹೇಳುತ್ತಿದ್ದ.

ಗೀಜಗಗಳಲ್ಲಿ ಒಂದು ಪದ್ಧತಿ. ಗಂಡು ಗೂಡು ಕಟ್ಟಬೇಕು, ಹೆಣ್ಣು ಬಂದು ನೋಡಬೇಕು. ಒಪ್ಪಿದರೆ ಸಂಸಾರ. ಒಪ್ಪದಿದ್ದರೆ ಅವಳು ಪಕ್ಕದ ಗೂಡಿನ ಬಾಗಿಲಿಗೆ ಹೋಗುತ್ತಾಳೆ, ಅಷ್ಟೇ.

ಆ ವರ್ಷ ಇರುವೆಗಳು ಮೊಟ್ಟೆ ಹೊತ್ತು ಮರ ಹತ್ತತೊಡಗಿದವು. ಮಳೆಗೆ ಇನ್ನು ಐದೇ ದಿನ ಎಂದು ಎಲ್ಲರಿಗೂ ಗೊತ್ತಾಯಿತು. ಜೊಂಡುಹುಲ್ಲಿನ ಎಳೆ ಮೆತ್ತಗಿರುವುದು ಬೆಳಗಿನ ಹೊತ್ತು ಮಾತ್ರ. ಬಿಸಿಲೇರಿದರೆ ಪಟಪಟನೆ ಮುರಿಯುತ್ತದೆ. ಅಂದರೆ ಹೊಂಬಣ್ಣನ ಬಳಿ ಇದ್ದದ್ದು ಐದು ಬೆಳಗು.

ಮೊದಲ ದಿನ ಅರ್ಧ ಬುಟ್ಟಿಯಷ್ಟು ಗೂಡು ಎದ್ದಿತು. ಗಾಳಿಗೆ ಹೆಚ್ಚು ತೂಗಾಡದಂತೆ ಅದರೊಳಗೆ ಹಸಿ ಮಣ್ಣು ಮೆತ್ತಬೇಕಿತ್ತು. ಅವನು ಮಣ್ಣಿಗೆ ಹೊರಡುವಾಗ ಮರದ ಬುಡದಿಂದ ಯಾರೋ ಕೂಗಿದರು.

"ಹೊಂಬಣ್ಣ, ನಿಲ್ಲೋ ಮಗಾ!"

ಕಲ್ಲವ್ವ ಎಂಬ ಮುದಿ ಏಡಿ ಬಿಲದ ಬಾಯಲ್ಲಿ ಕೂತಿದ್ದಳು.

"ಬಿಲ ತೋಡಿದ ಮಣ್ಣು ಇಲ್ಲೇ ಬಿದ್ದಿದೆ. ಉಂಡೆ ಮಾಡಿ ಇಡ್ತೀನಿ, ನೀನು ಕೊಕ್ಕಿಗೆ ಸಿಕ್ಕಿಸಿಕೊಂಡು ಹೋದರಾಯ್ತು. ನನ್ನ ಕಣ್ಣಿಗೆ ದೂರದ್ದು ಕಾಣಲ್ಲ. ಮೇಲಿಂದ ಕೊಕ್ಕರೆ ಕಂಡರೆ ಒಂದು ಕೂಗು ಹಾಕು, ಸಾಕು."

ಹೊಂಬಣ್ಣ ಆ ಮಣ್ಣನ್ನು ಓರೆಗಣ್ಣಿನಿಂದ ನೋಡಿದ. "ಇದರಲ್ಲಿ ಮರಳಿದೆಯಲ್ಲ, ಕಲ್ಲವ್ವ! ಕೆರೆಯಾಚೆ ಬೆಣ್ಣೆಯಂಥ ಜೇಡಿ ಇದೆ. ಅದನ್ನು ನನ್ನಷ್ಟು ಹದವಾಗಿ ನಾದೋಕೆ ನಿಮಗೆ ಬರುತ್ತಾ?"

"ಬರಲ್ಲಪ್ಪಾ. ಆದರೆ ನೀನು ಮಣ್ಣು ನಾದ್ತಾ ಕೂತರೆ ಗೂಡು ಹೆಣೆಯೋರು ಯಾರು?"

"ನಾನೇ!"

"ಎರಡೂ ಒಟ್ಟಿಗೇನಾ?"

ಉತ್ತರ ಹೊಳೆಯದವರಿಗೆ ಸಾಮಾನ್ಯವಾಗಿ ಎಲ್ಲಿಗೋ ಅವಸರವಿರುತ್ತದೆ. ಹೊಂಬಣ್ಣನೂ ಭುರ್ರನೆ ಹಾರಿಹೋದ.

ಪಕ್ಕದ ಗರಿಯಲ್ಲಿ ಕಾಡಯ್ಯ ಎಂಬ ಗೀಜಗನಿದ್ದ. ಅವನ ಹೆಣಿಗೆ ಸುಮಾರು. ಕಲ್ಲವ್ವ ಕೇಳಿದ್ದೇ ತಡ, ಅವನು ಒಪ್ಪಿಕೊಂಡ. ಅವಳು ಉಂಡೆ ಮಾಡಿಟ್ಟಳು, ಇವನು ಹೆಣೆದ. ನಡುನಡುವೆ ಕೊಕ್ಕರೆ ಕಂಡಾಗ ಕೂಗಿದ, ಮತ್ತೆ ಹೆಣೆದ.

ಹೊಂಬಣ್ಣ ಮಾತ್ರ ಕೆರೆ ದಾಟಿದ, ಜೇಡಿ ಆರಿಸಿದ, ನಾದಿದ, ಮತ್ತೆ ಕೆರೆ ದಾಟಿ ಬಂದ. ಅಷ್ಟರಲ್ಲಿ ಬಿಸಿಲೇರಿ ಎಳೆಗಳು ಮುರಿಯುತ್ತಿದ್ದವು. ನಾಲ್ಕನೆಯ ದಿನ ಕಾಡಯ್ಯನ ಗೂಡಿಗೆ ಉದ್ದನೆಯ ಬಾಗಿಲಕೊಳವೆ ಇಳಿಯಿತು.

"ಸೊಟ್ಟ ಸೋರೆಕಾಯಿ!" ಎಂದು ಹೊಂಬಣ್ಣ ನಕ್ಕ. ಆದರೆ ತನ್ನ ಗೂಡಿನ ಕಡೆ ಒಮ್ಮೆ ನೋಡಿ, ಅವಸರದಲ್ಲಿ ಮತ್ತೆ ಜೇಡಿಗೆ ಹಾರಿದ.

ಐದನೆಯ ದಿನ ತುಂಬೆ ಎಂಬ ಹೆಣ್ಣು ಗೀಜಗ ಬಂದಳು. ನೇರ ಹೊಂಬಣ್ಣನ ಗೂಡಿಗೇ ಬಂದಳು! ಅವನು ರೆಕ್ಕೆ ಬಡಿದು ಕುಣಿದ. ಅವಳು ಒಂದು ಎಳೆ ಜಗ್ಗಿದಳು. ಅದು ಜಪ್ಪಯ್ಯ ಎನ್ನಲಿಲ್ಲ. ಮಣ್ಣನ್ನು ಕೊಕ್ಕಿನಿಂದ ಕುಟ್ಟಿದಳು.

"ಎಂಥ ನುಣುಪು!"

"ಕೆರೆಯಾಚೆಯದು. ನಾನೇ ತಂದೆ, ನಾನೇ ನಾದಿದೆ," ಎಂದು ಹೊಂಬಣ್ಣ ಎದೆಯುಬ್ಬಿಸಿದ.

"ಬಹಳ ಸಂತೋಷ. ಮೊಟ್ಟೆ ಎಲ್ಲಿಡಲಿ?"

ಹೊಂಬಣ್ಣ ಗೂಡನ್ನು ನೋಡಿದ. ಅದಕ್ಕೆ ತಳವೇ ಇರಲಿಲ್ಲ.

"ನಾಳೆ..." ಎಂದ.

"ನಾಳೆ ಮಳೆ," ಎಂದು ತುಂಬೆ ಪಕ್ಕದ ಗರಿಗೆ ಹಾರಿ, ಕಾಡಯ್ಯನ ಸೋರೆಕಾಯಿಯೊಳಗೆ ಹೊಕ್ಕಳು. ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಮಳೆ ಹುಯ್ಯಿತು. ಹೊಂಬಣ್ಣ ತಳವಿಲ್ಲದ ಗೂಡಿನ ಅಡ್ಡಪಟ್ಟಿಯ ಮೇಲೆ ಒದ್ದೆಯಾಗಿ ಕೂತು ಯೋಚಿಸಿದ: 'ಆ ಜೇಡಿ ಬಿಟ್ಟಿ ಸಿಕ್ಕಿತು ಅಂದುಕೊಂಡಿದ್ದೆ. ಒಂದು ಉಂಡೆ ತರುವ ಹೊತ್ತಿಗೆ ಇಪ್ಪತ್ತು ಎಳೆ ಹೆಣೆಯಬಹುದಿತ್ತು. ಹಾಗಾದರೆ ಒಂದೊಂದು ಉಂಡೆಗೂ ನಾನು ಇಪ್ಪತ್ತಿಪ್ಪತ್ತು ಎಳೆ ತೆತ್ತಿದ್ದೇನೆ!'

ಆಮೇಲೆ ಮಳೆ ಕೆಲವು ದಿನ ಬಿಡುವು ಕೊಟ್ಟಿತು. ಮೊದಲ ದಿನವೇ ಅವನು ಮರದ ಬುಡಕ್ಕೆ ಇಳಿದ.

"ಕಲ್ಲವ್ವ... ಆ ಮರಳು ಮಣ್ಣು ಇನ್ನೂ ಇದೆಯಾ?"

"ಇದೆ. ಮಣ್ಣು ಸಾಕೋ, ಜೊತೆಗೆ ಬುದ್ಧಿಯೂ ಬೇಕೋ?"

"ಎರಡೂ ಕೊಡಿ."

"ಕೇಳೋಕೆ ಬಂದೆಯಲ್ಲ, ಬುದ್ಧಿ ಆಗಲೇ ಬಂದಿದೆ. ಮಣ್ಣು ತಗೋ," ಎಂದು ಕಲ್ಲವ್ವ ನಕ್ಕು ಉಂಡೆ ಕಟ್ಟತೊಡಗಿದಳು.

ಎರಡನೆಯ ಬೆಳಗು ಹೊಂಬಣ್ಣ ತಳದ ಕೊನೆಯ ಗಂಟು ಬಿಗಿಯುತ್ತಿದ್ದ. ಆಗಲೇ ಜೊಂಡಿನ ಮರೆಯಲ್ಲಿ ಉದ್ದ ಕತ್ತೊಂದು ಮೆಲ್ಲಗೆ ಮುಂದೆ ಬಂತು. ಕೊಕ್ಕರೆ! ಕಲ್ಲವ್ವ ಬೆನ್ನು ತಿರುಗಿಸಿ ಮಣ್ಣು ನಾದುತ್ತಿದ್ದಳು. ಕೂಗಲು ಕೊಕ್ಕು ತೆರೆದರೆ ಎಳೆ ಜಾರುತ್ತದೆ, ಗಂಟು ಬಿಚ್ಚುತ್ತದೆ.

"ಕಲ್ಲವ್ವ, ಒಳಗೆ ಹೋಗಿ!" ಎಂದು ಹೊಂಬಣ್ಣ ಕಿರುಚಿದ.

ಎಳೆ ನೀರಿಗೆ ಬಿತ್ತು. ಕಲ್ಲವ್ವ ಬಿಲಕ್ಕೆ ಬಿದ್ದಳು. ಕೊಕ್ಕರೆಗೆ ಸಿಕ್ಕಿದ್ದು ಬಾಯಿತುಂಬ ಮಣ್ಣು. ಅದು ಥೂ ಥೂ ಎನ್ನುತ್ತ ಹಾರಿಹೋಯಿತು.

ಬಿಲದೊಳಗಿಂದ ಕಲ್ಲವ್ವನ ದನಿ ಕೇಳಿತು. "ಹೊಂಬಣ್ಣ, ಇನ್ನು ನಾಲ್ಕು ಉಂಡೆ ಹೆಚ್ಚಿಗೆ ಮಾಡ್ತೀನಪ್ಪಾ."

ಮೂರನೆಯ ದಿನ ಗೂಡು ಮುಗಿಯಿತು. ಆ ಮಧ್ಯಾಹ್ನ ಕಣಗಿಲೆ ಎಂಬ ಹೆಣ್ಣು ಗೀಜಗ ಬಂದಳು. ಒಳಹೊಕ್ಕಳು, ಹೊರಬಂದಳು, ಮತ್ತೆ ಒಳಹೊಕ್ಕಳು. "ಈ ಮಣ್ಣಿನಲ್ಲಿ ಮರಳಿದೆಯಲ್ರೀ," ಎಂದಳು.

"ಇದೆ," ಎಂದು ಹೊಂಬಣ್ಣ ತಲೆ ತಗ್ಗಿಸಿದ.

"ಹೂಂ. ಇರಲಿ ಬಿಡಿ. ಒಳಗೆ ಹಾಸೋಕೆ ಮೆತ್ತನೆಯ ಎಳೆ ನಾನೇ ತರ್ತೀನಿ. ನೀವು ಆ ಬಾಗಿಲಕೊಳವೆಯನ್ನು ಇನ್ನೊಂದು ಗೇಣು ಉದ್ದ ಮಾಡಿ, ನೋಡೋಣ."

ಮರುದಿನ ಬೆಳಗಾಗುತ್ತಲೇ ಹೊಂಬಣ್ಣ ಜೊಂಡಿನ ಕಡೆ ಹಾರಿದ.

ನೀತಿ: ಎಲ್ಲ ಕೆಲಸವೂ ಬರುತ್ತದೆಂದು ಎಲ್ಲವನ್ನೂ ತಾನೇ ಮಾಡಹೊರಟರೆ ಹೊತ್ತು ಸಾಲದು. ಒಂದು ಕೆಲಸ ಹಿಡಿಯುವ ಮುನ್ನ, ಅದಕ್ಕಾಗಿ ಬಿಟ್ಟುಕೊಡುವ ಕೆಲಸದ ಬೆಲೆಯನ್ನೂ ಎಣಿಸಬೇಕು.