ಚಪ್ಪಟೆ ಮೂಗಿನ ಕೂಸು

ಮಲಪ್ರಭೆಯ ದಂಡೆಯ ಮೇಲಿನ ಆಶ್ರಮದಲ್ಲಿ ಮಹಾಂತವ್ವ ಎಂಬ ಗುರುತಾಯಿ ಇದ್ದಳು. ಬಾಣಂತಿಯರ, ಹಸುಗೂಸುಗಳ ಆರೈಕೆ ಅವಳ ವಿದ್ಯೆ. ಅದನ್ನು ಕಲಿಯಲು ಬಂದವಳು ನಿಂಬೆವ್ವ.

ಒಮ್ಮೆ ಒಬ್ಬ ಬಾಣಂತಿ ಎಳೆಯ ಮಗಳನ್ನು ಎತ್ತಿಕೊಂಡು ಬಂದು ಆಶ್ರಮದಲ್ಲಿ ಉಳಿದಳು. ಕೂಸಿನ ಮೂಗು ಚಪ್ಪಟೆ ಎಂದು ಮನೆಯವರೆಲ್ಲ ಆಡಿಕೊಂಡಿದ್ದರಂತೆ. ಅದನ್ನು ಹೇಳುವಾಗ ಆಕೆ ತಲೆ ಎತ್ತಲಿಲ್ಲ.

ನಿಂಬೆವ್ವನಿಗೆ ಕನಿಕರ ಬಂತು. ಗುರುವಿಗೆ ತಿಳಿಸದೆ, ನೀರೆರೆಯುವಾಗಲೆಲ್ಲ ಕೂಸಿನ ಮೂಗನ್ನು ಹಿಂಡಿ ನೀಳ ಮಾಡತೊಡಗಿದಳು. ಹೊಳ್ಳೆಗಳಿಗೆ ಎಣ್ಣೆಯನ್ನೂ ಬಿಟ್ಟಳು.

ಕೆಲವು ದಿನಗಳಲ್ಲಿ ಕೂಸು ಮೊಲೆ ಹಿಡಿಯುವುದು, ಬಿಟ್ಟು ಅಳುವುದು ಶುರುವಾಯಿತು. ಒಂದು ಮುಂಜಾನೆ ಅದಕ್ಕೆ ಅಳುವ ಶಕ್ತಿಯೂ ಇರಲಿಲ್ಲ. ತುಟಿ ಕಪ್ಪಿಟ್ಟಿತ್ತು.

ನಿಂಬೆವ್ವ ಗುರುವಿನ ಬಳಿ ಓಡಿದಳು. ತಾಯಿಯ ಹಾಲು ಬತ್ತಿರಬೇಕು ಎಂದಳು.

ಮಹಾಂತವ್ವ ಕೂಸನ್ನು ನೆಟ್ಟಗೆ ಎತ್ತಿ ಹಿಡಿದಳು. ಮೆತ್ತನೆಯ ಬಟ್ಟೆಯ ತುದಿಯನ್ನು ಬಿಸಿನೀರಲ್ಲಿ ಅದ್ದಿ, ಹೊಳ್ಳೆಗಳಲ್ಲಿ ಕಟ್ಟಿಕೊಂಡಿದ್ದ ಎಣ್ಣೆಯ ಜಿಡ್ಡನ್ನು ಸ್ವಲ್ಪಸ್ವಲ್ಪವಾಗಿ ಒರೆಸಿ ತೆಗೆದಳು. ತುಟಿಗೆ ಬಣ್ಣ ಮರಳಿತು. ತಾಯಿಯ ಮಡಿಲಿಗೆ ಕೊಟ್ಟಾಗ ಕೂಸು ಮೊಲೆ ಹಿಡಿಯಿತು, ಬಿಡಲಿಲ್ಲ.

ಆಮೇಲೆ ಗುರು ನಿಂಬೆವ್ವನ ಕೈಗೆ ಒಂದು ಚೊಂಬು ನೀರು ಕೊಟ್ಟು, ತುಟಿಯಿಂದ ತೆಗೆಯದೆ ಕುಡಿಯಲು ಹೇಳಿದಳು. ಅವಳು ಕುಡಿಯುತ್ತಿದ್ದಂತೆ ಮೆಲ್ಲಗೆ ಅವಳ ಮೂಗು ಹಿಡಿದಳು.

ಒಂದೆರಡು ಗುಟುಕಿಗೇ ನಿಂಬೆವ್ವ ಚೊಂಬನ್ನು ಕೆಳಗಿಳಿಸಿದಳು.

“ಯಾಕ ಬಿಟ್ಟಿ?”

“ಉಸಿರು ಕಟ್ಟಿತು.”

ನಿಂಬೆವ್ವ ಕೂಸಿನ ಕಡೆ ನೋಡಿದಳು. ಅವಳ ಕಣ್ಣು ತುಂಬಿತು. ತಾನು ಮಾಡಿದ್ದನ್ನೆಲ್ಲ ಹೇಳಿದಳು.

“ಮೂಗು ಕಟ್ಟಿದರ ನಾವು ಬಾಯಿ ತೆರೀತೀವಿ,” ಎಂದಳು ಮಹಾಂತವ್ವ. “ಕೂಸಿಗೆ ಅದಿನ್ನೂ ಸರಿಯಾಗಿ ಬರೂದಿಲ್ಲ. ಅದರ ಮೂಗಿನ ದಾರಿ ಗರಿಕೆ ಕಡ್ಡಿಯಷ್ಟು ಸಣ್ಣದು. ಮುಂದ ಹಲ್ಲು ಬರತಾವ, ದವಡೆ ಅಗಲ ಆಗತೈತಿ, ಮುಖ ಉದ್ದ ಆಗತೈತಿ. ಅದರ ಕೂಡ ಒಳಗಿನ ದಾರಿನೂ ಬೆಳೀತೈತಿ. ಮೂಗು ತಾನಾಗೇ ಏಳತೈತಿ. ಅದಕ್ಕ ವರ್ಷಗಟ್ಟಲೆ ಬೇಕು.”

ನಿಂಬೆವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಇನ್ನು ತಾನು ಯಾವ ಕೂಸನ್ನೂ ಮುಟ್ಟುವುದಿಲ್ಲ, ಊರಿಗೆ ಹೋಗುತ್ತೇನೆ ಎಂದಳು.

ಹಾಲು ಕುಡಿದ ಕೂಸನ್ನು ಗುರು ತಂದು ಅವಳ ತೋಳಿನ ಮೇಲೆಯೇ ಇಟ್ಟಳು. ಅದು ಒಮ್ಮೆ ಸೀನಿ, ಮಿಸುಕಾಡಿ, ನಿದ್ದೆ ಹೋಯಿತು. ಸಣ್ಣ ಬಿಸಿಯುಸಿರು ನಿಂಬೆವ್ವನ ಮುಂಗೈಗೆ ತಾಗುತ್ತಿತ್ತು. ಅವಳು ಅಲುಗಾಡದೆ ಕೂತಳು.

ಕೂಸಿನ ಮುಖ ನೋಡುತ್ತಾ ಕೇಳಿದಳು: “ಅವ್ವಾ, ಅಷ್ಟು ವರ್ಷ ಏನೂ ಮಾಡದ ಹೆಂಗ ಇರೂದು?”

“ಕೂಸು ಹುಟ್ಟೇತಿ, ಅಷ್ಟ. ಇನ್ನೂ ಪೂರಾ ಬಂದಿಲ್ಲ, ಬರಾಕತ್ತೈತಿ. ದಾರಿ ಬಿಡು.”