ದೊಡ್ಡ ಚಾವಡಿಯ ಮೂರನೇ ಪಂಡಿತ

ಈ ಕತೆಯನ್ನ ನಮ್ಮಜ್ಜಿ ಹೇಳಿದ ಹಾಗೇ ಹೇಳೋನು ನಮ್ಮ ಸುತ್ತಿನ ಏಳು ಹಳ್ಳಿಯಲ್ಲಿ ನಾನೊಬ್ಬನೇ. ಅನುಮಾನ ಇದ್ದವರು ಬಂದು ಕೇಳಿ ನೋಡಲಿ. ಅಜ್ಜಿಯ ತೊಡೆ ಮೇಲೆ ತಲೆಯಿಟ್ಟರೆ ನನ್ನ ಕೂದಲಲ್ಲಿ ಬೆರಳಾಡಿಸುತ್ತಾ ಶುರು ಮಾಡೋಳು. ಆ ಬೆರಳು ಈಗಿಲ್ಲ. ಕತೆ ಮಾತ್ರ ಒಂದು ಮಾತೂ ಸವೆಯದೆ ನನ್ನ ಹತ್ತಿರ ಇದೆ.

ಒಂದಾನೊಂದು ಕಾಲದಲ್ಲಿ ಕಣೋ ಮಗಾ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡದ ಕಾಲದಲ್ಲಿ, ಒಬ್ಬ ರಾಜ ಇದ್ದನಂತೆ, ಅವನ ಪಟ್ಟಣದಲ್ಲಿ ಒಂದು ದೊಡ್ಡ ಚಾವಡಿ ಇತ್ತಂತೆ. ಊರಲ್ಲಿ ತೀರದ ನ್ಯಾಯ ಹೋಬಳಿಗೆ, ಅಲ್ಲಿ ತೀರದ್ದು ಕಸಬೆಗೆ, ಅಲ್ಲೂ ತೀರದಿದ್ದರೆ ದೊಡ್ಡ ಚಾವಡಿಗೆ. ಅದರಾಚೆ ಇನ್ನೊಂದು ಬಾಗಿಲಿಲ್ಲ. ಅಲ್ಲಿ ನ್ಯಾಯ ಹೇಳೋರು ಮೂವರು. ಒಬ್ಬರು ಶಾಸ್ತ್ರಿಗಳು, ಓದಿ ಓದಿ ಬೆನ್ನು ಬಾಗಿಸಿಕೊಂಡವರು. ಇನ್ನೊಬ್ಬ ದಳವಾಯಿ, ಕತ್ತಿ ಕೆಳಗಿಟ್ಟು ಪೀಠಕ್ಕೆ ಬಂದವನು. ಮೂರನೆಯವನು ಕೇಶವ ಪಂಡಿತ. ದಿನಾ ಬೆಳಿಗ್ಗೆ ಇವರು ಕೂರೋ ಮೊದಲು ಹೊಗಳುಭಟ ಎದ್ದು, ಒಬ್ಬೊಬ್ಬರ ಅಪ್ಪ ತಾತ ಯಾರು, ಯಾವ ಗುರುವಿನ ಹತ್ತಿರ ಓದಿದ್ದು, ಎಲ್ಲೆಲ್ಲಿ ಅಧಿಕಾರ ಮಾಡಿದ್ದು ಅಂತೆಲ್ಲ ಕೂಗಬೇಕು. ಅದರಲ್ಲಿ ಒಂದು ಮಾತು ಸುಳ್ಳಾದರೂ ಆ ಪೀಠದವನ ತಲೆ ಬೋಳಿಸಿ ಗಡಿ ದಾಟಿಸೋದು. ಅದು ಚಾವಡಿಯ ಕಟ್ಟಳೆ.

ಮೂರನೆಯವನದ್ದು ಅಷ್ಟೂ ಸುಳ್ಳಂತೆ ಮಗಾ! ಕಾಶಿಯಲ್ಲಿ ಓದಿದ ಮನೆತನ ಅಂತ ಹೊಗಳುಭಟ ಕೂಗುತ್ತಿದ್ದನಂತೆ, ನೋಡಿದರೆ ಅವನು ಕುಂಬಾರ ಪುಟ್ಟೀರವ್ವನ ಮಗ ಕೆಂಚ. ನಮ್ಮ ಕಡೆಯವನೇ ಕಣೋ, ಬೇರೆ ಸೀಮೆಯವರು ನಮ್ಮವನು ಅಂದರೆ ಜಗಳಕ್ಕೆ ನಿಲ್ಲು. ಮಠಕ್ಕೆ ಮಡಕೆ ಕೊಡೋಕೆ ಹೋಗಿ, ಗೋಡೆಯಾಚೆ ನಿಂತು ಪಾಠ ಕೇಳಿ ಕಲಿತನಂತೆ, ಆಮೇಲೆ ಶಾನುಭೋಗರ ಹತ್ತಿರ ಬರೆಯೋ ಕೆಲಸ ಮಾಡಿದನಂತೆ, ಆಮೇಲೆ ಕಸಬೆಯಲ್ಲಿ ಬಡವರ ಪರ ವಾದ ಮಾಡಿ ಗೆದ್ದನಂತೆ, ಆಮೇಲೆ ಹೆಸರು ಬದಲಾಯಿಸಿಕೊಂಡು ಪಟ್ಟಣ ಸೇರಿ ಪೀಠ ಹತ್ತಿದನಂತೆ. ಹತ್ತಿದ ಮೇಲೆ ಹನ್ನೆರಡು ವರ್ಷ ತಾಯಿ ಮುಖ ನೋಡಲಿಲ್ಲ. ಸಂತೆ ದಿನ ಬೀದಿಯಲ್ಲಿ ಯಾರಾದರೂ ಮಡಕೆ ತಟ್ಟಿ ನೋಡೋ ಸದ್ದು ಕೇಳಿದರೆ ಮಾತ್ರ ಬರೆಯೋ ಕೈ ನಿಂತುಬಿಡುತ್ತಿತ್ತಂತೆ.

ಅವನು ಕೆಟ್ಟವನೇನಜ್ಜಿ ಅಂತ ನಾನು ಕೇಳಿದರೆ, ಕೆಟ್ಟವನಲ್ಲ, ಹೆದರಿದವನು, ಬಾಯಿ ಮುಚ್ಚಿ ಕೇಳು ಅನ್ನೋಳು.

ಹಿಂಗಿರುವಾಗ ದ್ಯಾವವ್ವ ಅನ್ನೋ ಕುಂಬಾರಗಿತ್ತಿ, ಎರಡು ಮಕ್ಕಳನ್ನ ನಡೆಸಿಕೊಂಡು, ಒಡೆದ ವಾಡೆಯ ತಳ ತಲೆ ಮೇಲೆ ಹೊತ್ತು ಚಾವಡಿಗೆ ಬಂದಳಂತೆ. ವಾಡೆ ಅಂದರೆ ಕಾಳು ತುಂಬೋ ಆಳೆತ್ತರದ ಮಣ್ಣಿನ ಗುಡಾಣ. ಊರಿನ ಬಿತ್ತನೆ ರಾಗಿಯೆಲ್ಲ ಪಟೇಲನ ಮನೆಯಲ್ಲಿ, ಇವಳು ಮಾಡಿಕೊಟ್ಟ ವಾಡೆಯಲ್ಲಿತ್ತು. ಬಿತ್ತನೆ ಹೊತ್ತಿಗೆ ನೋಡಿದರೆ ಬರಿದು. ಇವಳ ವಾಡೆ ಬೇಯುವಾಗಲೇ ಬಿರುಕು ಬಿಟ್ಟಿತ್ತು, ನೆಲದ ತೇವ ಏರಿ ರಾಗಿ ಕೊಳೆಯಿತು, ತಿಪ್ಪೆಗೆ ಹಾಕಿಸಿದೆ ಅಂದನಂತೆ ಪಟೇಲ. ಹೋಬಳಿಯಲ್ಲೂ ಕಸಬೆಯಲ್ಲೂ ಅವನ ಮಾತೇ ಗೆದ್ದಿತು. ಇವಳ ತಿಗರಿ ಒಡೆದು ಮಕ್ಕಳ ಸಮೇತ ಊರು ಬಿಡಿಸಿ ಅಂತ ತೀರ್ಪಾಯಿತು. ಮಡಕೆ ತಿರುಗಿಸೋ ಚಕ್ರ ಹೋದಮೇಲೆ ಕುಂಬಾರಗಿತ್ತಿಗೆ ಇನ್ನೇನು ಉಳೀತು ಮಗಾ?

ಮೊದಲನೇ ದಿನ ದ್ಯಾವವ್ವ ಕೈಮುಗಿದು, ಬುದ್ಧಿ, ಮಡಕೆ ಸುಡೋ ಆವಿಗೇಲಿ ಬೇಯುವಾಗ ಬಿಟ್ಟ ಬಿರುಕಾದರೆ ಅಂಚು ಹೊಗೆ ಕುಡಿದು ಕಪ್ಪಾಗಿರುತ್ತೆ, ಇದು ನೋಡಿ ಕೆಂಪಗಿದೆ, ಯಾರೋ ಹಾರೆಯಲ್ಲಿ ಮೀಟಿದ್ದಾರೆ ಅಂದಳಂತೆ. ಶಾಸ್ತ್ರಿಗಳು ತಲೆಯಾಡಿಸಿ, ಅಪವಾದ ಹೊತ್ತವಳ ಮಾತಿಗೆ ಅವಳೇ ಸಾಕ್ಷಿಯಾದರೆ ಆಗೋಲ್ಲಮ್ಮ, ಕಸುಬು ಬಲ್ಲ ಇನ್ನೊಬ್ಬ ಹೇಳಲಿ, ಮೂರು ದಿನ ಗಡುವು ಅಂದರಂತೆ. ಯಾರು ಬರ್ತಾರೆ? ಅವಳ ಕಡೆಯ ಕುಂಬಾರರೆಲ್ಲ ಪಟೇಲನ ಕೆರೆ ಮಣ್ಣು ನಂಬಿ ಬದುಕಿದವರು. ಪಟ್ಟಣದ ಕುಂಬಾರರನ್ನೂ ಅವನ ಆಳುಗಳು ಹೆದರಿಸಿ ಬಂದಿದ್ದರು. ಕೇಶವ ಪಂಡಿತ ಪೀಠದಿಂದಲೇ ಆ ಅಂಚು ನೋಡಿದ. ಗೊತ್ತಾಯಿತು. ತಲೆ ತಗ್ಗಿಸಿದ.

ಎರಡನೇ ದಿನ ದಳವಾಯಿ ಮೀಸೆ ತಿರುವಿ, ನಿಜ ಒದರ್ತೀಯೋ ಇಲ್ಲವೋ, ನಿನ್ನಂಥವರನ್ನ ನಾನು ಎಷ್ಟು ನೋಡಿಲ್ಲ ಅಂತ ಗುಡುಗಿದನಂತೆ. ನೋಡಿರ್ತೀರಿ ಬುದ್ಧಿ, ಮಡಕೆ ನೋಡಿಲ್ಲ ಅಂದಳಂತೆ ಅವಳು. ಚಾವಡಿಯೆಲ್ಲ ನಕ್ಕಿತು, ಪಂಡಿತನೊಬ್ಬ ನಗಲಿಲ್ಲ.

ಮೂರನೇ ದಿನವೂ ಯಾರೂ ಬರಲಿಲ್ಲ. ತಿಗರಿ ಒಡೆಯೋ ಆಜ್ಞೆ ಬರೆದರು. ಶಾಸ್ತ್ರಿಗಳು ಮುದ್ರೆ ಒತ್ತಿದರು, ದಳವಾಯಿ ಒತ್ತಿದ, ಕೇಶವ ಪಂಡಿತ ಮುದ್ರೆ ಎತ್ತಿದ, ಕೈ ಕೆಳಗಿಳಿಯಲಿಲ್ಲವಂತೆ. ಆಮೇಲೆ ಮುದ್ರೆ ಪಕ್ಕಕ್ಕಿಟ್ಟು, ಶಾಲು ತೆಗೆದುಹಾಕಿ, ಪೀಠದಿಂದಿಳಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಆ ತಳವನ್ನ ಮಡಿಲಿಗೆಳೆದುಕೊಂಡು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟನಂತೆ. ತಟ್ಟಿದ ರೀತಿ ನೋಡಿದ್ದೇ ದ್ಯಾವವ್ವ, ಅಯ್ಯೋ ಶಿವನೇ, ಇವರು ನಮ್ಮವರು ಅಂತ ಬಾಯಿ ಮೇಲೆ ಕೈಯಿಟ್ಟುಕೊಂಡಳಂತೆ. ಆಮೇಲೆ ಅರಮನೆ ಅಡುಗೆಮನೆಯಿಂದ ಒಂದು ಮಡಕೆ ತರಿಸಿ ಎಲ್ಲರೆದುರು ಒಡೆದು, ಅಂಚಿಗೆ ಅಂಚು ಹಿಡಿದನಂತೆ. ಎರಡೂ ಒಂದೇ ಕೆಂಪು. ಇದು ಆವಿಗೆಯ ಬಿರುಕಲ್ಲ, ಹಾರೆ ಏಟು ಅಂದ.

ಪಂಡಿತರೇ, ಇದು ಯಾವ ಗ್ರಂಥದಲ್ಲಿದೆ ಅಂತ ಶಾಸ್ತ್ರಿಗಳು ಕೇಳಿದರಂತೆ.

ಒಂದು ಶ್ಲೋಕ ಹೊಸೆದು ಹೇಳೋದು ಅವನಿಗೆ ಎಷ್ಟರ ಮಾತು ಮಗಾ? ಆದರೆ ಗ್ರಂಥ ಅಂದರೆ ಪಟೇಲ ಇನ್ನೊಂದು ಗ್ರಂಥ ತರಿಸುತ್ತಿದ್ದ. ಬೇಕಾಗಿದ್ದದ್ದು ಕಸುಬು ಬಲ್ಲವನ ಸಾಕ್ಷಿ. ಗ್ರಂಥದಲ್ಲಲ್ಲ ಸ್ವಾಮಿ, ನಮ್ಮವ್ವನ ಆವಿಗೆಯಲ್ಲಿ, ನಾನು ಕುಂಬಾರ ಪುಟ್ಟೀರವ್ವನ ಮಗ ಕೆಂಚ, ನೀವು ಕೇಳಿದ ಇನ್ನೊಬ್ಬ ನಾನೇ ಅಂದನಂತೆ.

ತೀರ್ಪು ಕೇಳೋಕೆ ಬಂದು ನಿಂತಿದ್ದ ಪಟೇಲ ಅಲ್ಲೇ ಕುಸಿದು, ರಾಗಿ ಮಾರಿಕೊಂಡು ವಾಡೆ ಒಡೆಸಿದ್ದು ನಾನೇ ಅಂತ ಒಪ್ಪಿಕೊಂಡನಂತೆ. ಅವನ ಕಣಜದಿಂದಲೇ ಊರಿಗೆ ಬೀಜ ಕೊಡಿಸಿ, ಕೆರೆ ಮಣ್ಣು ಕುಂಬಾರರಿಗೆ ಬಿಡಿಸಿ, ದ್ಯಾವವ್ವನನ್ನ ಗಾಡಿಯಲ್ಲಿ ಕಳಿಸಿದರಂತೆ. ಆಮೇಲೆ ಸುದ್ದಿ ಕೇಳಿ ಚಾವಡಿಗೇ ಬಂದ ರಾಜ, ಸರಿ, ಈಗ ಈ ಸುಳ್ಳಿಗೇನು ಶಿಕ್ಷೆ ಅಂದನಂತೆ. ಶಾಸ್ತ್ರಿಗಳು, ಕಟ್ಟಳೆ ಅಂದಮೇಲೆ ಕಟ್ಟಳೆ ಅಂದರು. ದಳವಾಯಿ ಕೆಮ್ಮಿ, ಹಂಗಾದರೆ ಕ್ಷೌರದವನಿಗೆ ಎರಡು ತಲೆ ಇದೆ ಅಂತ ಹೇಳಿ ಕಳಿಸಿ ಮಹಾರಾಜ, ನಮ್ಮಪ್ಪ ಸೇನಾಪತಿಯಲ್ಲ, ಸೇನಾಪತಿಯ ಕುದುರೆಗೆ ಹುಲ್ಲು ಹಾಕ್ತಿದ್ದೋನು ಅಂದನಂತೆ. ಆಮೇಲೆ ಎಲ್ಲರೂ ಶಾಸ್ತ್ರಿಗಳ ಕಡೆ ತಿರುಗಿದರೆ, ಅವರೂ ಮೆಲ್ಲಗೆ ಜುಟ್ಟು ಬಿಚ್ಚಿದರಂತೆ.

ರಾಜ ಹೊಟ್ಟೆ ಹಿಡಿದು ನಕ್ಕು, ಮೂವರ ತಲೆಯೂ ಬೋಳಿಸಿ, ಆದರೆ ಗಡಿಯಾಚೆಗಲ್ಲ, ಅವರವರ ಹುಟ್ಟಿದ ಮನೆಗೆ ಅಟ್ಟಿ, ವರ್ಷಕ್ಕೊಂದು ತಿಂಗಳು ಅಲ್ಲಿ ದುಡಿದು ಬಂದರೇನೇ ಪೀಠ ಅಂದನಂತೆ.

ಕೆಂಚ ಬೋಳುತಲೆಯಲ್ಲಿ ಊರಿಗೆ ಹೋದನಂತೆ. ಪುಟ್ಟೀರವ್ವ ಮುದುಕಿಯಾಗಿದ್ದಳು, ಕಣ್ಣು ಮಂಜು. ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಯಾವ ದೇವರಿಗೆ ಮುಡಿ ಕೊಟ್ಟು ಬಂದ್ಯೋ ಅಂದಳಂತೆ. ಅವನು ಅಳುತ್ತಾ ಅವಳ ಕಾಲಿಗೆ ಬಿದ್ದ. ಅವಳು ಅವನ ಎರಡೂ ಕೈ ಹಿಡಿದು ಒತ್ತಿ ನೋಡಿ, ಥೂ, ಕೈಯೆಲ್ಲ ಬೆಣ್ಣೆಯಾಗಿದೆಯಲ್ಲೋ, ಹೋಗು, ಕಾಲು ತೊಳ್ಕೊಂಡು ಬಂದು ಮಣ್ಣು ತುಳಿ, ಆಮೇಲೆ ಅಳುವೆಯಂತೆ ಅಂದಳಂತೆ.

ಅವರು ಅಲ್ಲಿ ಮಣ್ಣು ತುಳೀತಾ ಇದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆ ಇಲ್ಲಿಗೆ ಮುಗೀತು, ಕಣ್ಮುಚ್ಚು ಮಗಾ.